ಅಳತೆಯೂ ಆಶ್ವಾಸನೆಯೂ

ಅಳೆದು ಕೊಡುವ ವಸ್ತುವಿನಲ್ಲಿ ಮನುಷ್ಯನಿಗೆ ನಂಬಿಕೆ ಹೆಚ್ಚು. ಸೇರಿನಲ್ಲಿ ಅಳೆದ ಜೋಳ, ಮೊಳದಲ್ಲಿ ಅಳೆದ ಬಟ್ಟೆ, ತಕ್ಕಡಿಯಲ್ಲಿ ತೂಗಿದ ಬೆಲ್ಲ, ಇವುಗಳ ವಿಷಯದಲ್ಲಿ ಕೊಡುವವನಿಗೂ ಕೊಳ್ಳುವವನಿಗೂ ವಿವಾದ ಕಡಿಮೆ. ಆದರೆ ಎಲ್ಲ ಬಯಕೆಗಳನ್ನೂ ಹೀಗೆ ಅಂಕಿಯಲ್ಲಿ ಹಿಡಿದುಕೊಡಲು ಸಾಧ್ಯವೆ? ಕೊಡಲಾಗದ ಅಂಕಿಯೊಂದನ್ನು ಕೊಡುವೆನೆಂದು ಮಾತು ಕೊಡುವುದು ದಯೆಯೋ ವಂಚನೆಯೋ? ಅತಿಯಾಗಿ ಬೆಳೆದು ಭಾರವಾದ ಸ್ತನಗಳ ಗಾತ್ರವನ್ನು ತಗ್ಗಿಸುವ ಶಸ್ತ್ರಚಿಕಿತ್ಸೆಯನ್ನು ಕುರಿತು ಯೋಚಿಸುವಾಗ ಈ ಪ್ರಶ್ನೆ ಬಹು ಸ್ಪಷ್ಟವಾಗಿ ಎದುರು ನಿಲ್ಲುತ್ತದೆ. ಈ ಹೆಸರನ್ನು ಕೇಳಿದೊಡನೆ ಮುಖ ತಿರುಗಿಸುವವರುಂಟು. ಕಣ್ಣು, ಕಿವಿ, ಹಲ್ಲುಗಳ ರೋಗಗಳನ್ನು ಕುರಿತು ಪಾಠ ಹೇಳುವ ನಾವು ಈ ಒಂದು ಅಂಗದ ನೋವನ್ನು ಕುರಿತು ಮಾತ್ರ ಮೌನ ತಾಳಿದರೆ, ಆ ಮೌನದ ಭಾರವೂ ನೋವುಂಡವರ ಹೆಗಲ ಮೇಲೆಯೇ ಬೀಳುತ್ತದೆ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಇದು ಕೇವಲ ಅಲಂಕಾರದ ಹಂಬಲವಲ್ಲ. ಒಳ ಉಡುಪಿನ ಪಟ್ಟಿ ಹೆಗಲನ್ನು ಕೊರೆದು ಮಾಡಿದ ಗುಳಿ, ಕತ್ತು ಬೆನ್ನುಗಳ ಬಿಡದ ನೋವು, ಸ್ತನದ ಕೆಳಗಣ ಮಡಿಕೆಯಲ್ಲಿ ಬೆವರು ನಿಂತು ಏಳುವ ಗಂದೆ, ಇವು ಆ ಭಾರದ ಲಕ್ಷಣಗಳು. ಕೃಷ್ಣೆ ತುಂಗಭದ್ರೆಗಳ ನಡುವಣ ನಮ್ಮ ನಡಿಗಡ್ಡೆಯ ಬೇಸಿಗೆಯಲ್ಲಿ ಬಗ್ಗಿ ಕಳೆ ತೆಗೆಯುವವಳಿಗೂ, ಮಗ್ಗದ ಮುಂದೆ ಕುಳಿತವಳಿಗೂ, ದಿನವೆಲ್ಲ ಕರಿಹಲಗೆಯ ಮುಂದೆ ನಿಂತಿರುವ ಉಪಾಧ್ಯಾಯಿನಿಗೂ ಅದು ಎಷ್ಟು ದುಸ್ಸಹವೆಂಬುದನ್ನು ವಿವರಿಸಬೇಕಾಗಿಲ್ಲ. ಪುಸ್ತಕಗಳನ್ನು ಎದೆಗವಚಿ ಬೆನ್ನು ಬಾಗಿಸಿ ನಡೆಯುವ ಬಾಲಿಕೆ, ಆಟದ ಗಂಟೆಯಲ್ಲಿ ಮೂಲೆ ಹಿಡಿದು ನಿಲ್ಲುವ ಬಾಲಿಕೆ ಯಾವ ಶಾಲೆಯಲ್ಲಿಲ್ಲ? ಅಂಥವರ ವಿಷಯದಲ್ಲಿ ಬೆಳವಣಿಗೆ ಮುಗಿದು ಗಾತ್ರ ಒಂದು ನಿಲುಗಡೆಗೆ ಬರುವವರೆಗೆ ವೈದ್ಯರು ಸಾಮಾನ್ಯವಾಗಿ ಕಾಯುತ್ತಾರೆ. ಆದರೆ ಅವರ ಸಂಕಟವನ್ನು ನಗೆಯ ವಸ್ತುವಾಗಿಸದಿರಲು ನಾವು ಕಾಯಬೇಕಾದುದೇನೂ ಇಲ್ಲ.

ಇಂತಹ ಸಂಕಟದಿಂದ ಬಳಲಿ ಶಸ್ತ್ರವೈದ್ಯನ ಬಳಿಗೆ ಹೋದವಳು ಸಹಜವಾಗಿ ಕೇಳುವ ಪ್ರಶ್ನೆ, "ಯಾವ ಅಳತೆಗೆ ಇಳಿಸುತ್ತೀರಿ?" ಎಂಬುದು. ಅಂಗಡಿಯಲ್ಲಿ ಒಳ ಉಡುಪು ಕೊಳ್ಳುವಾಗ ಕೇಳುವ ಅಂಕಿ ಅಕ್ಷರಗಳನ್ನೇ ಅವಳು ಇಲ್ಲಿಯೂ ಹೇಳುತ್ತಾಳೆ. ಆದರೆ ಆ ಅಂಕಿ ಅಕ್ಷರಗಳು ತೋರುವಷ್ಟು ಸ್ಥಿರವಾದವಲ್ಲ. ಅಂಕಿಯು ಸ್ತನದ ಕೆಳಗಿನ ಸುತ್ತಳತೆಗೆ ಸಂಬಂಧಿಸಿದ್ದು. ಅಕ್ಷರವು ಆ ಸುತ್ತಳತೆಗೂ ಸ್ತನದ ಮೇಲಣ ಸುತ್ತಳತೆಗೂ ಇರುವ ಅಂತರವನ್ನು ಸೂಚಿಸುವಂಥದು. ಆದುದರಿಂದ 32ರ 'ಸಿ'ಯೂ 38ರ 'ಸಿ'ಯೂ ಒಂದೇ ಗಾತ್ರದವಲ್ಲ. ಒಬ್ಬ ತಯಾರಕನ ಅಳತೆ ಇನ್ನೊಬ್ಬನದಕ್ಕೆ ಹೊಂದುವುದೂ ಇಲ್ಲ. ಶಸ್ತ್ರವೈದ್ಯನಾದರೋ ಅಕ್ಷರವನ್ನು ಕೊಯ್ಯುವುದಿಲ್ಲ. ಕೊಬ್ಬು, ಗ್ರಂಥಿ, ಚರ್ಮಗಳನ್ನು ತೆಗೆದು ಗ್ರಾಮಿನಲ್ಲಿ ತೂಗುತ್ತಾನೆ.

ಅವನ ಕೈಗೂ ಒಂದು ಎಲ್ಲೆಯುಂಟು. ಮೊಲೆತೊಟ್ಟಿಗೆ ಹೋಗುವ ರಕ್ತವು ಉಳಿಸಿಕೊಂಡ ಭಾಗದ ಮೂಲಕವೇ ಹರಿಯಬೇಕು. ಅತಿಯಾಗಿ ತೆಗೆದರೆ ಆ ಹರಿವು ಕುಂದಿ ತೊಟ್ಟೇ ನಾಶವಾಗುವ ಅಪಾಯವಿದೆ. ಎದೆಗೂಡಿನ ಅಗಲವನ್ನು ಯಾವ ಶಸ್ತ್ರವೂ ಬದಲಿಸದು. ಚಿಕಿತ್ಸೆಯ ಬಾವು ಇಳಿದು ನಿಜವಾದ ಆಕಾರ ನೆಲೆಗೊಳ್ಳಲು ತಿಂಗಳುಗಳೇ ಬೇಕು. ಆ ಬಳಿಕವೂ ಮೈತೂಕ ಏರಿದರೆ, ಗರ್ಭ ನಿಂತರೆ, ವಯಸ್ಸು ಕಳೆದರೆ ಗಾತ್ರ ಮತ್ತೆ ಬದಲಾಗಬಹುದು. ತೊಟ್ಟಿನ ಸುತ್ತ, ಅಲ್ಲಿಂದ ಕೆಳಕ್ಕೆ, ಅನೇಕ ಸಲ ಮಡಿಕೆಯ ಉದ್ದಕ್ಕೂ ಉಳಿಯುವ ಗಾಯದ ಗೆರೆಗಳು ಕಾಲಕ್ರಮದಲ್ಲಿ ಮಾಸುತ್ತವೆಯೇ ಹೊರತು ಅಳಿಸಿಹೋಗುವುದಿಲ್ಲ. ಸ್ಪರ್ಶದ ಅರಿವು ಕುಗ್ಗಬಹುದು. ಮುಂದೆ ಮಗುವಿಗೆ ಹಾಲೂಡಿಸುವ ಶಕ್ತಿಯೂ ಕಡಿಮೆಯಾಗಬಹುದು. ಇಷ್ಟು ಅನಿಶ್ಚಯಗಳ ನಡುವೆ ಒಂದು ಅಕ್ಷರವನ್ನು ಖಂಡಿತವಾಗಿ ಕೊಡುವೆನೆನ್ನುವುದು ಪ್ರಾಮಾಣಿಕವಾದೀತೆ?

ಹಾಗೆಂದು ಅಳತೆಯೇ ವ್ಯರ್ಥವೆಂದು ಭಾವಿಸಲಾಗದು. ಶಸ್ತ್ರವಿದ್ಯೆಯ ಇತಿಹಾಸವೇ ಬೇರೆ ಮಾತನ್ನು ಹೇಳುತ್ತದೆ. ಕಡಿದುಹೋದ ಮೂಗನ್ನು ಕಟ್ಟುವಾಗ, ಮೂಗಿನ ಅಳತೆಗೆ ತಕ್ಕ ಒಂದು ಎಲೆಯನ್ನು ತೆಗೆದುಕೊಂಡು ಅಷ್ಟೇ ಪ್ರಮಾಣದ ಚರ್ಮವನ್ನು ಕೆನ್ನೆಯಿಂದ ಬಿಡಿಸಬೇಕೆಂದು ಸುಶ್ರುತಸಂಹಿತೆ ವಿಧಿಸಿದೆ. ಮೈಸೂರಿನ ಮೂರನೆಯ ಯುದ್ಧದಲ್ಲಿ ಇಂಗ್ಲಿಷರ ದಂಡಿನ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸ್ಜಿ ಎಂಬವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನು ಕಳೆದುಕೊಂಡನು. ಪುಣೆಯ ಸಮೀಪದ ಒಬ್ಬ ದೇಶೀಯ ಕುಶಲಿಯು ಮೇಣದ ತೆಳು ಹಾಳೆಯಿಂದ ಮೊದಲು ಮೂಗಿನ ಅಚ್ಚನ್ನು ಮಾಡಿ, ಅದನ್ನು ಚಪ್ಪಟೆಯಾಗಿಸಿ ಹಣೆಯ ಮೇಲಿಟ್ಟು, ಸುತ್ತ ಗೆರೆ ಎಳೆದು, ಬಳಿಕ ಶಸ್ತ್ರವನ್ನು ಹಿಡಿದನು. ಈ ವೃತ್ತಾಂತ 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಪ್ರಕಟವಾಗಿ ಯುರೋಪಿನ ವೈದ್ಯರ ಗಮನವನ್ನು ಸೆಳೆಯಿತು. ನಮ್ಮ ಗದ್ವಾಲ ತಾಲೂಕು ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟ 1956ರಲ್ಲಿಯೇ ಅಮೆರಿಕೆಯ ರಾಬರ್ಟ್ ವೈಸ್ ಎಂಬ ಶಸ್ತ್ರವೈದ್ಯನು ಒಳ ಉಡುಪಿನ ಕತ್ತರಿಕೆಯ ಮಾದರಿಯನ್ನು ಅನುಸರಿಸಿ ಸ್ತನದ ಮೇಲೆ ಗೆರೆ ಹಾಕುವ ಕ್ರಮವನ್ನು ಪ್ರಕಟಿಸಿದನು. ಅವನ ಹೆಸರಿನ ಆ ಮಾದರಿ ಇಂದಿಗೂ ಬಳಕೆಯಲ್ಲಿದೆ.

ಎಲೆ, ಮೇಣ, ಕತ್ತರಿಕೆಯ ಮಾದರಿ, ಈ ಮೂರರಲ್ಲಿಯೂ ಒಂದು ಸಮಾನ ನೀತಿ ಅಡಗಿದೆ. ಅಳತೆಯು ಶಸ್ತ್ರಕ್ಕಿಂತ ಮೊದಲು ಬರಬೇಕು. ಅದು ಆ ವ್ಯಕ್ತಿಯ ಮೈಮೇಲೆಯೇ ಕೂಡಿಬರಬೇಕು. ಅಂಗಡಿಯ ಗೂಡಿನಿಂದಾಗಲಿ, ಚಿತ್ರದಲ್ಲಿ ಕಂಡ ಇನ್ನೊಬ್ಬಳ ಮೈಯಿಂದಾಗಲಿ ಅದನ್ನು ಎರವಲು ತರಲಾಗದು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಭರವಸೆಯೇ ಅರ್ಧ ಔಷಧವೆನ್ನುತ್ತಾರೆ, ಹೆದರಿ ಕುಳಿತವಳ ಮುಂದೆ ಎಲ್ಲೆಗಳ ಪಟ್ಟಿಯನ್ನು ಓದುವುದು ನಿರ್ದಯವಲ್ಲವೆ? ಈ ಆಕ್ಷೇಪದಲ್ಲಿ ಸತ್ಯಾಂಶವುಂಟು. ಆದರೆ ಭರವಸೆಯೂ ವಾಗ್ದಾನವೂ ಒಂದೇ ಅಲ್ಲ. ಹೊರೆ ಇಳಿಯುವುದು, ನೋವು ತಗ್ಗುವುದು, ನೆಟ್ಟಗೆ ನಿಲ್ಲಲು ಸುಲಭವಾಗುವುದು, ಇವು ಈ ಚಿಕಿತ್ಸೆ ಪಡೆದ ಬಹುಮಂದಿಗೆ ದೊರೆತಿರುವ ಫಲಗಳು. ಇವುಗಳನ್ನು ಧೈರ್ಯವಾಗಿ ಹೇಳಬಹುದು. ಅಕ್ಷರವನ್ನು ವಾಗ್ದಾನ ಮಾಡಿದರೆ ಆಗುವುದೇನು? ಹೆಗಲು ಹಗುರಾಗಿ, ಬೆನ್ನು ನೋವು ಬಿಟ್ಟು, ರಾತ್ರಿ ನಿದ್ರೆ ಬರುತ್ತಿದ್ದರೂ, ಕನ್ನಡಿಯ ಮುಂದೆ ನಿಂತವಳಿಗೆ ಬಂದ ಲಾಭ ಕಾಣದೆ ಬಾರದ ಅಕ್ಷರವೇ ಕಾಣುತ್ತದೆ. ಚಿಕಿತ್ಸೆ ಗೆದ್ದಿರುತ್ತದೆ, ಮಾತು ಸೋತಿರುತ್ತದೆ. ಎಲ್ಲ ಹುಡುಗರಿಗೂ ಮೊದಲ ದರ್ಜೆಯನ್ನು ವಾಗ್ದಾನ ಮಾಡುವ ಉಪಾಧ್ಯಾಯನು, ಎರಡನೆಯ ದರ್ಜೆಗೆ ಏರಿದ ಹುಡುಗನ ಸಂತೋಷವನ್ನು ಮೊದಲೇ ಕಸಿದುಕೊಂಡಿರುತ್ತಾನೆ.

ಇನ್ನು ಅಳತೆ ಯಾರದಾಗಿರಬೇಕು? ತಾಯಿ ಮದುವೆಯ ಚಿಂತೆಯಿಂದ "ತೀರ ಚಿಕ್ಕದಾಗುವುದು ಬೇಡ" ಎನ್ನಬಹುದು. ಗಂಡನಿಗೆ ತನ್ನದೊಂದು ಅಭಿಪ್ರಾಯವಿರಬಹುದು. ಹಣ ಕೊಡುವ ವಿಮಾ ಸಂಸ್ಥೆಯೂ ಒಂದು ಅಳತೆಯನ್ನು ಹಿಡಿದು ನಿಲ್ಲುತ್ತದೆ. 1991ರಲ್ಲಿ ಅಮೆರಿಕೆಯ ಷ್ನೂರ್ ಎಂಬ ವೈದ್ಯನೂ ಅವನ ಸಂಗಡಿಗರೂ ಮೈಯ ವಿಸ್ತಾರಕ್ಕೂ ತೆಗೆದ ಅಂಗಾಂಶದ ತೂಕಕ್ಕೂ ಸಂಬಂಧ ಕಲ್ಪಿಸಿದ ಒಂದು ಕೋಷ್ಟಕವನ್ನು ಪ್ರಕಟಿಸಿದರು. ಅಲ್ಲಿನ ವಿಮಾ ಸಂಸ್ಥೆಗಳು ಯಾರಿಗೆ ಹಣ ಕೊಡಬೇಕೆಂಬುದನ್ನು ನಿಶ್ಚಯಿಸಲು ಅದನ್ನೇ ಹಿಡಿದುಕೊಂಡವು. ಹೀಗೆ ನೋವೂ ಗ್ರಾಮಿನ ಲೆಕ್ಕಕ್ಕೆ ಬಂದಿತು. ನೋವನ್ನು ಅನುಭವಿಸುವವಳು ಒಬ್ಬಳು, ಅಳೆಯುವವರು ಹಲವರು!

ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಬೇರೊಂದು ಶಸ್ತ್ರಚಿಕಿತ್ಸೆಯ ಪ್ರಕರಣದಲ್ಲಿ ಕೊಟ್ಟ ತೀರ್ಪು ಇಲ್ಲಿ ಸ್ಮರಣೀಯ. ಪರೀಕ್ಷೆಗೆಂದು ಒಪ್ಪಿ ಮಲಗಿದ್ದ ಮಹಿಳೆಯ ಗರ್ಭಕೋಶವನ್ನು, ಅವಳು ಪ್ರಜ್ಞೆಯಿಲ್ಲದಿರುವಾಗ ಅವಳ ತಾಯಿಯ ಒಪ್ಪಿಗೆಯನ್ನು ಪಡೆದು ತೆಗೆಯಲಾಗಿತ್ತು. ತಿಳಿವಳಿಕೆಯುಳ್ಳ ವಯಸ್ಕಳ ಪರವಾಗಿ ತಾಯಿಯ ಒಪ್ಪಿಗೆ ಸಲ್ಲದೆಂದು ನ್ಯಾಯಾಲಯ ಹೇಳಿತು. ಚಿಕಿತ್ಸೆಯ ಸ್ವರೂಪ, ಪ್ರಯೋಜನ, ಅಪಾಯ, ಬೇರೆ ಮಾರ್ಗಗಳು, ಇವುಗಳನ್ನು ತಕ್ಕಮಟ್ಟಿಗೆ ತಿಳಿಸಿ ರೋಗಿಯಿಂದಲೇ ಪಡೆದ ಒಪ್ಪಿಗೆಯೇ ನಿಜವಾದ ಒಪ್ಪಿಗೆಯೆಂದು ವಿಧಿಸಿತು. ಸುಳ್ಳು ಅಳತೆಯನ್ನು ನಂಬಿ ಕೊಟ್ಟ ಒಪ್ಪಿಗೆಯೂ ಅರೆ ಒಪ್ಪಿಗೆಯೇ ಎಂದು ನನಗೆ ತೋರುತ್ತದೆ.

ಆದರೆ ಕರ್ತವ್ಯ ವೈದ್ಯನೊಬ್ಬನದೇ ಅಲ್ಲ. ಕೇಳುವವಳೂ ತನ್ನ ಬಯಕೆಯನ್ನು ಶೋಧಿಸಿಕೊಳ್ಳಬೇಕು. "ನನಗೆ ಇಂಥ ಅಕ್ಷರ ಬೇಕು" ಎನ್ನುವುದಕ್ಕೆ ಬದಲಾಗಿ, "ಸಂಜೆಯವರೆಗೆ ನೋವಿಲ್ಲದೆ ನಿಂತು ಕೆಲಸ ಮಾಡಬೇಕು, ಮಡಿಕೆಯ ಗಂದೆ ಹೋಗಬೇಕು, ಮುಂದೆ ಮಗುವಿಗೆ ಹಾಲೂಡಿಸುವ ಆಸೆಯಿದೆ" ಎಂದು ಹೇಳಿದರೆ ವೈದ್ಯನಿಗೆ ದಾರಿ ಸ್ಪಷ್ಟವಾಗುತ್ತದೆ. ಅವಳಿಗೂ ತಾನು ಕೇಳುತ್ತಿರುವುದೇನೆಂಬುದು ಸ್ಪಷ್ಟವಾಗುತ್ತದೆ. "ನನ್ನ ಮೈಕಟ್ಟಿಗೆ ಎಷ್ಟು ಸಾಧ್ಯ, ಎಷ್ಟು ಅಸಾಧ್ಯ?" ಎಂಬುದು ಅವಳು ಸಂಕೋಚವಿಲ್ಲದೆ ಕೇಳಬೇಕಾದ ಪ್ರಶ್ನೆ. ಆ ಉತ್ತರವನ್ನು ಮನೆಗೆ ಒಯ್ದು ನಾಲ್ಕು ದಿನ ಯೋಚಿಸುವ ಅಧಿಕಾರವೂ ಅವಳದೇ.

ಅಲ್ಪವನ್ನು ನುಡಿದು ಅಷ್ಟನ್ನೂ ನಡೆಸುವವನು, ಬಹಳವನ್ನು ನುಡಿದು ಕೈಚೆಲ್ಲುವವನಿಗಿಂತ ಹೆಚ್ಚು ದಯಾವಂತನು. ಇದು ವೈದ್ಯನಿಗೆ ಹೇಗೋ ಉಪಾಧ್ಯಾಯನಿಗೂ ಹಾಗೆಯೇ ಸಲ್ಲುವ ಮಾತು. ಇಷ್ಟೇ ಆದೀತೆಂಬ ಮಾತನ್ನು ಮೊದಲೇ ಕೇಳಿ ಅರಿತು, ಆದರೂ ಬೇಕೆಂದು ತಾನಾಗಿ ನಿಶ್ಚಯಿಸಿದವಳು ಬಂದ ಫಲವನ್ನು ತನ್ನದೆಂದು ಸ್ವೀಕರಿಸಬಲ್ಲಳು.