ಗೋಮಾಳದ ಹೂವು ಯಾರದು?

ಅರ್ಪಣೆಯು ವಸ್ತುವಿನ ಬೆಲೆಯಿಂದ ಹಿರಿದಾಗುವುದಿಲ್ಲ. ಅರ್ಪಿಸುವವನಿಗೂ ಅರ್ಪಿತ ವಸ್ತುವಿಗೂ ಇರುವ ಸಂಬಂಧದ ಶುದ್ಧಿಯಿಂದ ಹಿರಿದಾಗುತ್ತದೆ. ಸತ್ಯಶುದ್ಧ ಕಾಯಕದಿಂದ ಬಂದುದೇ ಲಿಂಗಕ್ಕೆ ಸಲ್ಲತಕ್ಕುದೆಂದು ಶರಣರು ಬೋಧಿಸಿದರು. ಹಾಗಿದ್ದ ಮೇಲೆ, ಯಾರೂ ಬಿತ್ತದೆ, ಯಾರೂ ನೀರೆರೆಯದೆ, ಊರ ಗೋಮಾಳದಲ್ಲಿ ತಾನಾಗಿ ಅರಳಿದ ತುಂಬೆಯ ಹೂವನ್ನು ಬುಟ್ಟಿ ತುಂಬ ಕೊಯ್ದು ತಂದು ಪೂಜಿಸುವ ಭಕ್ತನು ಯಾರ ವಸ್ತುವನ್ನು ಅರ್ಪಿಸಿದಂತಾಯಿತು? ಪ್ರಶ್ನೆಯು ಮೇಲ್ನೋಟಕ್ಕೆ ಅಲ್ಪವಾದುದು. ಆದರೆ ಊರೊಟ್ಟಿನ ನೆಲದ ಅಳಿವು ಉಳಿವುಗಳು ಇದರ ಉತ್ತರದಲ್ಲಿ ಅಡಗಿವೆ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯ ಹಳ್ಳಿಗಳಲ್ಲಿ ಗೋಮಾಳ, ಗುಂಡುತೋಪು, ಕೆರೆಯಂಗಳಗಳೆಂಬ ಸಾಮುದಾಯಿಕ ಭೂಮಿಗಳುಂಟು. ಮಳೆ ಬಿದ್ದೊಡನೆ ಅಲ್ಲಿಯ ಕೆಮ್ಮಣ್ಣಿನಲ್ಲಿ ಹುಲ್ಲಿನ ನಡುವೆ ವಿಷ್ಣುಕ್ರಾಂತಿಯ ನೀಲಿ, ತಂಗಡಿಯ ಹಳದಿ, ತುಂಬೆಯ ಬಿಳುಪು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಕಂದಾಯದ ಲೆಕ್ಕದಲ್ಲಿ ಸಾಗುವಳಿಗೆ ಬಾರದ ನೆಲಕ್ಕೆ 'ಖರಾಬು' ಎಂದು ಹೆಸರು. ಅರಬ್ಬಿಯಿಂದ ಬಂದ ಆ ಶಬ್ದಕ್ಕೆ ಕೆಟ್ಟುದು, ಹಾಳಾದುದು ಎಂದೇ ಅರ್ಥ. ಬೆಳೆ ಕೊಡದುದು ಹಾಳು ಎಂಬ ಈ ಎಣಿಕೆಯು ಕಡತದಿಂದ ಮನಸ್ಸಿಗೆ ಇಳಿದುದೇ ಅನರ್ಥಕ್ಕೆ ಮೂಲವಾಯಿತು. ಹಾಳುನೆಲವನ್ನು ಯಾರು ಒತ್ತಿಕೊಂಡರೇನು, ಕಸ ಸುರಿದರೇನು ಎಂಬ ಉದಾಸೀನವು ಅಲ್ಲಿಂದಲೇ ಹುಟ್ಟುತ್ತದೆ. ಆ ನೆಲವು ಹಾಳಲ್ಲವೆಂಬುದಕ್ಕೆ ರೈತನ ಹೊಲವೇ ಸಾಕ್ಷಿ. ರಾಗಿಯ ನಡುವಣ ಅಕ್ಕಡಿ ಸಾಲಿನ ಹುಚ್ಚೆಳ್ಳು ತನ್ನ ಪರಾಗದಿಂದ ತಾನೇ ಕಾಳುಕಟ್ಟಲಾರದು. ಅದಕ್ಕೆ ಜೇನ್ನೊಣವು ಬೇಕು. ಹುಚ್ಚೆಳ್ಳು ಅರಳುವುದು ವರ್ಷದಲ್ಲಿ ಕೆಲವೇ ವಾರ; ಉಳಿದ ಕಾಲದಲ್ಲಿ ಆ ಜೇನ್ನೊಣಕ್ಕೆ ಉಣಲಿಕ್ಕುವುದು ಇಂತಹ ಕಾಡುಹೂವುಗಳೇ. ಯಾರೂ ಕಾಣದ ದಾಸೋಹವು ಅಲ್ಲಿ ನಡೆದಿದೆ.

ಇಲ್ಲಿ ಪೂರ್ವಪಕ್ಷವೊಂದುಂಟು: ಎಲ್ಲವೂ ಶಿವನದು, ಶಿವನದನ್ನು ಶಿವನಿಗೆ ಕೊಟ್ಟರೆ ದೋಷವೆಲ್ಲಿ? ಮಾತು ಸತ್ಯ, ಆದರೆ ಅರ್ಧಸತ್ಯ. ಎಲ್ಲವೂ ಶಿವನದಾದರೆ ಕೊಯ್ಯುವವನ ಕೈಗೆ ಇರುವಷ್ಟೇ ಅಧಿಕಾರವು ದುಂಬಿಗೂ, ಮುಂದಿನ ಮಳೆಗೆ ಬೀಜವಾಗಬೇಕಾದ ಹೂವಿಗೂ ಉಂಟು. ಒಬ್ಬನು ಎಲ್ಲವನ್ನೂ ಬಳಿದು ತಂದರೆ ಅದು ಶಿವನ ಹೆಸರಿನಲ್ಲಿ ಶಿವನ ಮಕ್ಕಳ ಪಾಲನ್ನು ಅಪಹರಿಸಿದಂತೆ. ಪ್ರಸಾದವೆಂದರೆ ಉಂಡವರು ಉಂಡ ಮೇಲೆ ತನಗೆ ದೊರೆತುದು. ಆದುದರಿಂದ ಎಲ್ಲರ ನೆಲದಿಂದ ತೆಗೆದುಕೊಳ್ಳುವವನು ಮಿತವಾಗಿ ತೆಗೆದುಕೊಳ್ಳಬೇಕು, ತೆಗೆದುಕೊಂಡುದಕ್ಕೆ ಪ್ರತಿಯಾಗಿ ಆ ನೆಲಕ್ಕೆ ತನ್ನ ಕಾಯಕವನ್ನು ಸಲ್ಲಿಸಬೇಕು. ಆಗಲೇ ಆ ಹೂವು ಅವನ ಅರ್ಪಣೆಯಾಗುತ್ತದೆ.

ಇನ್ನೊಂದು ಆಕ್ಷೇಪವು ಇದಕ್ಕಿಂತ ಭಾರವಾದುದು. ಗೋಮಾಳವು ದನಗಳಿಗಾಗಿ ಇಟ್ಟ ನೆಲ. 1966ರ ಕರ್ನಾಟಕ ಭೂಕಂದಾಯ ನಿಯಮಗಳು ನೂರು ದನಗಳಿಗೆ 30 ಎಕರೆಯಂತೆ ಅದನ್ನು ಕಾದಿರಿಸುತ್ತವೆ. ಹೂವಿಗೆಂದು ಬೇಲಿ ಹಾಕಿದರೆ ಎರಡು ಹಸುಗಳನ್ನೇ ನಂಬಿದ ಬಡವನ ಗತಿಯೇನು? ಬಡವನ ಹೊಟ್ಟೆಯ ಮೇಲೆ ಬೆಳೆಸಿದ ಹೂವು ಲಿಂಗಕ್ಕೆ ಸಲ್ಲದು. ಆದುದರಿಂದ ಬೇಲಿಯು ನೆಲಕ್ಕಲ್ಲ, ಕಾಲಕ್ಕೆ ಬೇಕು. ಊರವರು ಕೂಡಿ ಗೋಮಾಳದ ಒಂದು ಭಾಗವನ್ನು ಮಾತ್ರ ಮುಂಗಾರಿನಿಂದ ಬೀಜ ಉದುರುವವರೆಗೆ ಮೇವಿಗೆ ಬಿಡದೆ, ಆಮೇಲೆ ಹುಲ್ಲನ್ನು ಕೊಯ್ದು ಮೊದಲು ದನವುಳ್ಳ ಬಡವರಿಗೆ ಹಂಚಿ, ಮರುವರ್ಷ ಇನ್ನೊಂದು ಭಾಗಕ್ಕೆ ಸರದಿ ಬದಲಿಸಿದರೆ ಹಸುವೂ ಹೂವೂ ಉಳಿಯುತ್ತವೆ.

ಈ ಕಾಯಕಕ್ಕೆ ಹಣವು ಹೆಚ್ಚು ಬೇಡ, ವಿವೇಕವು ಬೇಕು. ಉಳುವುದೂ ಬೇಡ, ಗೊಬ್ಬರವೂ ಬೇಡ. ನೆಲವು ಕೊಬ್ಬಿದರೆ ಒರಟು ಕಳೆಗಳು ಮೇಲೆದ್ದು ಸಣ್ಣ ಹೂಗಿಡಗಳನ್ನು ಮುಚ್ಚಿಬಿಡುತ್ತವೆ. ಪಾರ್ಥೇನಿಯಮ್ಮನ್ನು ಹೂಬಿಡುವ ಮುನ್ನವೇ ಬೇರುಸಹಿತ ಕೀಳಬೇಕು. ಲಂಟಾನವನ್ನು ಬುಡದಿಂದ ಅಗೆದು ತೆಗೆಯಬೇಕು. ಬರಿದಾದ ಕಡೆ ಅಕ್ಕಪಕ್ಕದ ಬದುಗಳ ಬೀಜವನ್ನೇ ಆಯ್ದು ಎರಚಬೇಕು. ಬೇಸಗೆಯಲ್ಲಿ ಬೆಂಕಿ ಇಡಬಾರದು. ಹಸುರು ಕಂಡಲ್ಲೆಲ್ಲ ಪುಣ್ಯವೆಂದು ತಿಳಿದು ಹುಲ್ಲುಗಾವಲಿನ ತುಂಬ ಮರ ನೆಡುವುದೂ ಅವಿವೇಕವೇ. ಈ ಸೀಮೆಯಲ್ಲಿ ಹಿಂದೆ ಉತ್ಸಾಹದಿಂದ ಹಬ್ಬಿಸಿದ ನೀಲಗಿರಿಯನ್ನು ಇನ್ನು ನೆಡಕೂಡದೆಂದು 2017ರಲ್ಲಿ ಸರ್ಕಾರವೇ ಆಜ್ಞೆ ಮಾಡಬೇಕಾಯಿತು.

ಸಾಮುದಾಯಿಕ ನೆಲವು ಬಹುಕಾಲ ಉಳಿದುದಕ್ಕೆ ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಿಸೆತೋಪು ನಿದರ್ಶನ. ಅದು 54 ಎಕರೆಯ ಪುರಾತನ ತೋಪು. 2007ರಲ್ಲಿ ದೇಶದ ಮೊದಲನೆಯ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. 2008ರಲ್ಲಿ ವಿಮಾನನಿಲ್ದಾಣವು ತೆರೆದ ಆ ತಾಲ್ಲೂಕಿನಲ್ಲಿ ನೆಲಕ್ಕೆ ಹೊನ್ನಿನ ಬೆಲೆ. ಅಂತಹ ಕಡೆಯಲ್ಲಿ ಆ ಮರಗಳು ಇನ್ನೂ ನಿಂತಿವೆ. 2002ರ ಜೀವವೈವಿಧ್ಯ ಕಾಯಿದೆಯು ಪ್ರತಿ ಸ್ಥಳೀಯ ಸಂಸ್ಥೆಗೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ವಿಧಿಸಿದೆ. ಊರೊಟ್ಟಿನ ನೆಲದ ಒತ್ತುವರಿಯನ್ನು ತೆರವುಗೊಳಿಸಬೇಕೆಂದು 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜ್ಯಗಳಿಗೆ ಆದೇಶಿಸಿದೆ. ಶಾಸನವುಂಟು, ಸಮಿತಿಯುಂಟು. ಆದರೆ 'ಇದು ನನ್ನದಲ್ಲ' ಎಂಬ ಮಾತಿನಿಂದ 'ಇದು ನನ್ನ ಹೊಣೆಯಲ್ಲ' ಎಂಬ ತೀರ್ಮಾನಕ್ಕೆ ಜಾರುವ ಮನಸ್ಸನ್ನು ಶಾಸನವು ತಿದ್ದಲಾರದು.

ತನ್ನದಲ್ಲದುದನ್ನು ತನ್ನದೆನ್ನುವುದು ಲೋಭ. ತನ್ನದಲ್ಲವೆಂದು ಕೈಬಿಡುವುದು ಆಲಸ್ಯ. ಇವೆರಡನ್ನೂ ಮೀರಿ, ತನ್ನದಲ್ಲದುದನ್ನು ತನ್ನದಕ್ಕಿಂತ ಹೆಚ್ಚಾಗಿ ಕಾಯುವುದು ಭಕ್ತಿ. ಮುಂಜಾನೆ ಹೂಬುಟ್ಟಿ ಹಿಡಿದು ಗೋಮಾಳಕ್ಕೆ ಹೋಗುವ ಸದ್ಭಕ್ತರು ಒಂದು ಹಿಡಿ ಹೂವನ್ನು ಕೊಯ್ದು, ಒಂದು ಹಿಡಿ ಕಳೆಯನ್ನು ಕಿತ್ತು ಹಿಂದಿರುಗಲಿ. ಗಿಡದಲ್ಲಿ ಉಳಿದ ಹೂವೂ ಪೂಜೆಗೆ ಸಂದಿತೆಂದೇ ತಿಳಿಯಲಿ.