ಯಾರ ಚಳಿಗಾಲ?

ಹಿಮವನ್ನು ಕಾವ್ಯಗಳಲ್ಲಿ ಮಾತ್ರ ಕಂಡು ಬೆಳೆದ ನಮ್ಮಂಥವರಿಗೆ, ಹಿಮದ ಮೇಲೆ ನಡೆಯುವುದೂ ಒಂದು ವಿದ್ಯೆ ಎಂದರೆ ನಗು ಬಂದೀತು. ನಡೆಯುವುದಕ್ಕೂ ವಿದ್ಯೆ ಬೇಕೆ? ಬೇಕು. ಹೊಸದಾಗಿ ಬಿದ್ದ ಹಿಮವೆಂದರೆ ಅರಳೆಯ ರಾಶಿ. ಮೊದಲನೆಯ ಹೆಜ್ಜೆಗೆ ಮೊಣಕಾಲಿನವರೆಗೆ, ಎರಡನೆಯದಕ್ಕೆ ತೊಡೆಯವರೆಗೆ. ಮೂರನೆಯದಕ್ಕೆ ಪ್ರಯಾಣವೇ ಮುಗಿಯಿತು. ಇದಕ್ಕೆ ಉತ್ತರ ಅಮೆರಿಕದ ಮೂಲನಿವಾಸಿಗಳು ಬಹು ಹಿಂದೆಯೇ ಒಂದು ಉಪಾಯ ಕಂಡುಕೊಂಡಿದ್ದರು. ಮರವನ್ನು ಬಾಗಿಸಿ ಚೌಕಟ್ಟು ಮಾಡಿ, ಅದಕ್ಕೆ ತೊಗಲಿನ ಪಟ್ಟಿಗಳನ್ನು ಬಲೆಯಂತೆ ಹೆಣೆದು, ಕಾಲಿಗೆ ಕಟ್ಟಿಕೊಳ್ಳುವುದು. ನೋಡುವುದಕ್ಕೆ ನಮ್ಮ ಮೊರದ ದಾಯಾದಿ. ಮೈಭಾರ ಅಗಲಕ್ಕೆ ಹರಡಿಹೋಗುವುದರಿಂದ ಕಾಲು ಹುಗಿಯುವುದಿಲ್ಲ. ಇಂಗ್ಲಿಷಿನಲ್ಲಿ ಅದಕ್ಕೆ ಸ್ನೋಷೂ ಎನ್ನುತ್ತಾರೆ. ಹಿಮಪಾದುಕೆ ಎಂದು ನಾನು ಕರೆದರೆ ವಾಚಕರು ಮನ್ನಿಸಬೇಕು. ಈಗ ಅಂಗಡಿಗಳಲ್ಲಿ ದೊರೆಯುವವು ಹೆಚ್ಚಾಗಿ ಅಲ್ಯುಮಿನಿಯಂ ಅಥವಾ ಪ್ಲಾಸ್ಟಿಕ್ಕಿನವು. ಮಂಜುಗಡ್ಡೆಯ ಮೇಲೆ ಜಾರದಿರಲೆಂದು ಅಡಿಗೆ ಲೋಹದ ಹಲ್ಲುಗಳಿರುತ್ತವೆ.

ಈ ಪಾದುಕೆ ಹುಟ್ಟಿದ್ದು ವಿಹಾರಕ್ಕಾಗಿ ಅಲ್ಲ, ಹೊಟ್ಟೆಪಾಡಿಗಾಗಿ. ಮೂಸ್ ಎಂಬ ಭಾರಿ ಜಿಂಕೆ ಆಳವಾದ ಹಿಮದಲ್ಲಿ ಹುಗಿದು ತಡವರಿಸುತ್ತಿರುವಾಗ ಬೇಡನು ಮೇಲುಮೇಲೆಯೇ ನಡೆದುಹೋಗಿ ಅದನ್ನು ಕೆಡವುತ್ತಿದ್ದ. ಪ್ರಾಣಿಗಿಲ್ಲದ ಅನುಕೂಲವನ್ನು ಮನುಷ್ಯನಿಗೆ ಒದಗಿಸುವುದೇ ಈ ಉಪಕರಣದ ಗುಟ್ಟು. ಮುಂದೆ 1840ರ ದಶಕದಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಸಾಹೇಬರು ಕೂಟ ಕಟ್ಟಿಕೊಂಡು, ಇವನ್ನು ಮೆಟ್ಟಿ ಮೌಂಟ್ ರಾಯಲ್ ಗುಡ್ಡವನ್ನು ರಾತ್ರಿಯ ಹೊತ್ತು ಹತ್ತಿ ಇಳಿಯುವುದನ್ನು ಒಂದು ಕ್ರೀಡೆ ಮಾಡಿಕೊಂಡರು. ಬೇಟೆ ಹಿಂದಕ್ಕೆ ಸರಿಯಿತು; ಪಾದುಕೆ ಉಳಿಯಿತು.

ವಿಹಾರವಾದ ಮೇಲೆ ‘ಎಲ್ಲಿಗೆ?’ ಎಂಬ ಪ್ರಶ್ನೆ ಬರುತ್ತದೆ. ಬೇಡನಿಗೆ ಇದರ ಉತ್ತರ ಸುಲಭವಾಗಿತ್ತು: ಮೃಗವಿದ್ದಲ್ಲಿಗೆ. ನಮಗೂ ಸುಲಭವೇ: ಚೆಲುವಿದ್ದಲ್ಲಿಗೆ. ಚೆಲುವನ್ನು ಆರಿಸಿಕೊಳ್ಳುವುದು ಮನುಷ್ಯನು ಮಾಡಬಹುದಾದ ಅತ್ಯಂತ ನಿರ್ದೋಷವಾದ ಕೆಲಸವೆಂದು ನಾವೆಲ್ಲ ನಂಬಿದ್ದೇವೆ. ಆ ನಂಬಿಕೆಯನ್ನು ಸ್ವಲ್ಪ ಕೆದಕಿ ನೋಡಬೇಕೆಂಬುದೇ ನನ್ನ ಉದ್ದೇಶ.

ನನ್ನ ತಮ್ಮ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಇಂಜಿನಿಯರು. ಮೂರು ವರ್ಷದ ಹಿಂದೆ ಒಂದು ಡಿಸೆಂಬರಿನಲ್ಲಿ ಅವನ ಮನೆಯಲ್ಲಿ ಕೆಲವು ವಾರ ಇದ್ದೆ. ರಜೆಯಲ್ಲಿ ಹಿಮಪಾದುಕೆ ಮೆಟ್ಟಿ ಎಲ್ಲಿಗೆ ಹೋಗಬೇಕೆಂದು ದಿನವೂ ಊಟದ ಮೇಜಿನ ಮುಂದೆ ಚರ್ಚೆ ನಡೆಯುತ್ತಿತ್ತು. ದಕ್ಷಿಣಕ್ಕೆ ಬ್ರೈಸ್ ಕ್ಯಾನಿಯನ್. ಅಲ್ಲಿ ಕೆಂಪು ಕಲ್ಲಿನ ಕಂಬಗಳ ನೆತ್ತಿಯ ಮೇಲೆ ಬಿಳಿಯ ಹಿಮ ಕೂತಿರುತ್ತದೆ. ದೂರದ ವಾಷಿಂಗ್ಟನ್ ರಾಜ್ಯದಲ್ಲಿ ರೇನಿಯರ್ ಪರ್ವತ; ಅದರ ತಪ್ಪಲಿನ ಪ್ಯಾರಡೈಸ್ ಎಂಬಲ್ಲಿ 1971–72ರ ಒಂದೇ ಹಂಗಾಮಿನಲ್ಲಿ 1,122 ಅಂಗುಲ ಹಿಮ ಬಿದ್ದಿತ್ತಂತೆ. ಸ್ವರ್ಗವೆಂದು ಹೆಸರಿಟ್ಟ ಮೇಲೆ ದೇವತೆಗಳು ಇಷ್ಟಾದರೂ ಸುರಿಸದಿದ್ದರೆ ಹೇಗೆ! ಕೊನೆಗೆ ಎಲ್ಲರೂ ಒಪ್ಪಿದ್ದು ಉತ್ತರಕ್ಕೆ, ಕಾರಿನಲ್ಲಿ ಐದು ಗಂಟೆಯ ದಾರಿಯ ವಯೋಮಿಂಗಿನ ಗ್ರ್ಯಾಂಡ್ ಟೀಟನ್ ಪರ್ವತಗಳನ್ನು.

ಒಪ್ಪಿದ್ದಕ್ಕೆ ಕಾರಣ ಒಂದು ಚಿತ್ರ. ಆನ್ಸೆಲ್ ಆಡಮ್ಸ್ ಎಂಬ ಛಾಯಾಗ್ರಾಹಕ 1942ರಲ್ಲಿ ತೆಗೆದದ್ದು. ಕೆಳಗೆ ಸ್ನೇಕ್ ನದಿ ಬೆಳ್ಳಿಯ ಹಾವಿನಂತೆ ತಿರುವಿ ಹೊರಳುತ್ತದೆ. ಹಿಂದೆ ಮೋಡದ ಕೆಳಗೆ ಶಿಖರಗಳ ಸಾಲು. 1977ರಲ್ಲಿ ಆಕಾಶಕ್ಕೆ ಹಾರಿದ ವಾಯೇಜರ್ ನೌಕೆಗಳು ಹೊತ್ತುಕೊಂಡು ಹೋದ ಚಿನ್ನದ ಲೇಪದ ತಟ್ಟೆಯಲ್ಲಿ, ಬೇರೆ ಲೋಕದವರು ಯಾರಾದರೂ ಸಿಕ್ಕಿದರೆ ನಮ್ಮ ಭೂಮಿ ಹೀಗಿದೆ ಎಂದು ತೋರಿಸಲು ಸೇರಿಸಿದ ಚಿತ್ರಗಳಲ್ಲಿ ಇದೂ ಒಂದು. ನಮ್ಮ ಆಯ್ಕೆ ಎಂದು ನಾವು ಹೇಳಿಕೊಳ್ಳುವುದರಲ್ಲಿ ನಮ್ಮದು ಎಷ್ಟು ಎಂದು ಆಗಲೇ ಅನ್ನಿಸಿತು. ನಮಗಿಂತ ಮುಂಚೆ ಒಂದು ಕಣ್ಣು ನೋಡಿ ಒಪ್ಪಿದೆ. ನಾವು ಅದಕ್ಕೆ ಸಹಿ ಹಾಕಲು ಹೊರಟಿದ್ದೇವೆ. ಇರಲಿ, ಕಾಳಿದಾಸನನ್ನು ಓದಿದ ಮೇಲೆ ಮೋಡವನ್ನು ನೋಡುವವನ ಗತಿಯೂ ಇಷ್ಟೇ.

ನನ್ನ ಆಸೆಯೆಂದರೆ ಆ ನದಿಯ ತಿರುವಿಗೇ ಇಳಿಯಬೇಕೆಂಬುದು. ತಮ್ಮ ನಕ್ಷೆ ತೆರೆದು ತೋರಿಸಿದ. ಡಿಸೆಂಬರ್ ನಡುವಿನಿಂದ ಮಾರ್ಚಿ ಕಳೆಯುವವರೆಗೆ ನದಿಯ ಆ ಬಯಲಿಗೆ ಯಾರೂ ಕಾಲಿಡುವಂತಿಲ್ಲ. ಚಿತ್ರ ತೆಗೆದ ದಿಬ್ಬದ ಮೇಲೆ ನಿಂತು ನೋಡಬಹುದು. ಚಿತ್ರದ ಒಳಕ್ಕೆ ಹೋಗಕೂಡದು. ಅದು ಮೂಸ್‌ಗಳೂ, ಎಲ್ಕ್ ಎಂಬ, ನಮ್ಮ ಕಡವೆಯನ್ನು ಹೋಲುವ ಜಿಂಕೆಗಳೂ ಚಳಿಗಾಲ ಕಳೆಯುವ ಜಾಗ.

ತಮ್ಮನ ಮಗಳಿಗೆ ಆಗ ಹದಿನಾರು ವರ್ಷ, ವಾದದಲ್ಲಿ ಚುರುಕು. ಅವಳು ಕೇಳಿದಳು: “ದೊಡ್ಡಪ್ಪ, ನಾವೇನು ಕೋವಿ ತೆಗೆದುಕೊಂಡು ಹೋಗುತ್ತೇವೆಯೆ? ಸದ್ದು ಮಾಡುವ ಗಾಡಿ ಓಡಿಸುತ್ತೇವೆಯೆ? ಕಾಲಲ್ಲಿ ಮೆಲ್ಲಗೆ ನಡೆದು, ನೋಡಿ, ಬರುತ್ತೇವೆ. ಇದರಿಂದ ಯಾರಿಗೆ ಏನು ಕಷ್ಟ?”

ಪ್ರಶ್ನೆ ನ್ಯಾಯವಾದದ್ದು. ಉತ್ತರ ಮಾತ್ರ ನಮ್ಮ ಊಹೆಗೆ ವಿರುದ್ಧವಾಗಿದೆ. ಆ ನಾಡಿನ ಮೃಗಗಳಿಗೆ ಚಳಿಗಾಲವೆಂದರೆ ಆದಾಯವಿಲ್ಲದೆ ಖರ್ಚು ಮಾತ್ರ ಇರುವ ಸಂಸಾರ. ಶರತ್ಕಾಲದಲ್ಲಿ ಮೈಯಲ್ಲಿ ಕೂಡಿಟ್ಟ ಕೊಬ್ಬೇ ಬಂಡವಾಳ. ಒಣ ಕಡ್ಡಿ, ತೊಗಟೆ ಮೇಯ್ದರೂ ತೂಕ ಇಳಿಯುತ್ತಲೇ ಹೋಗುತ್ತದೆ. ಬಂಡವಾಳ ಕರಗುವುದರೊಳಗೆ ವಸಂತ ಬಂದರೆ ಬದುಕು. ಬೆಚ್ಚಿ ಓಡಿದ ಒಂದೊಂದು ಓಟವೂ ಆ ಗಂಟಿನಿಂದ ತೆತ್ತ ಹಣ. ಹಿಮ ಆಳವಾಗಿದ್ದಷ್ಟೂ ದರ ಹೆಚ್ಚು. ಸದ್ದು ಮಾಡುತ್ತ ನಿತ್ಯ ಒಂದೇ ದಾರಿಯಲ್ಲಿ ಹೋಗುವ ಗಾಡಿಗೆ ಪ್ರಾಣಿ ಎಷ್ಟೋ ಸಲ ಒಗ್ಗಿಕೊಳ್ಳುತ್ತದೆ. ನಿಶ್ಶಬ್ದವಾಗಿ, ದಾರಿಯಿಲ್ಲದ ಕಡೆಯಿಂದ, ಮರದ ಮರೆಯಿಂದ ಹಠಾತ್ತನೆ ಮೂಡಿಬರುವ ಕಾಲಾಳಿಗೆ ಒಗ್ಗಿಕೊಳ್ಳುವುದು ಕಷ್ಟ. ಏಕೆಂದರೆ ಹಾಗೆ ಬರುವುದು ಅದರ ಲೆಕ್ಕದಲ್ಲಿ ತೋಳ. ಅಥವಾ, ಎಷ್ಟೋ ತಲೆಮಾರುಗಳಿಂದ, ಹಿಮಪಾದುಕೆಯ ಬೇಡ. ನಮ್ಮ ಕೈಯಲ್ಲಿ ಬಿಲ್ಲಿಲ್ಲವೆಂಬುದು ಅದಕ್ಕೆ ಗೊತ್ತಾಗುವುದು ಹೇಗೆ?

ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತದಲ್ಲಿ ಬ್ಲ್ಯಾಕ್ ಗ್ರೌಸ್ ಎಂಬ ಕಾಡುಕೋಳಿಯ ಜಾತಿಯ ಹಕ್ಕಿ ಇದೆ. ಚಳಿಗಾಲದ ದಿನದ ಬಹುಭಾಗವನ್ನು ಅದು ಹಿಮದಲ್ಲೇ ಗೂಡು ತೋಡಿಕೊಂಡು, ಅದರೊಳಗೆ ಬೆಚ್ಚಗೆ ಕಳೆಯುತ್ತದೆ. ಸ್ವಲ್ಪ ಹೊತ್ತು ಮಾತ್ರ ಹೊರಗೆ ಬಂದು ಮೇಯುತ್ತದೆ. ಮೇಲಿಂದ ಒಂದು ಹೆಜ್ಜೆ ಬಿದ್ದರೆ ಗೂಡು ಬಿಟ್ಟು ಹಾರಬೇಕು, ಕೊರೆಯುವ ಗಾಳಿಯಲ್ಲಿ ಬೇರೆ ಗೂಡು ತೋಡಬೇಕು. ಅಲ್ಲಿಯ ವಿಜ್ಞಾನಿಗಳು ಇದರ ಹಿಕ್ಕೆಯನ್ನು ಪರೀಕ್ಷಿಸಿ, ಜನ ಸುಳಿದಾಡುವ ಕಡೆ ಅದರ ಮೈಯಲ್ಲಿ ಕಳವಳದ ರಸ ಏರುವುದನ್ನು ಅಳೆದಿದ್ದಾರೆ. ಹೊರಗಿನಿಂದ ನೋಡಿದವನಿಗೆ ಕಾಣುವುದು ಮಾತ್ರ ಬರೀ ಬಿಳಿಯ ಇಳಿಜಾರು, ಪ್ರಶಾಂತ, ನಿರ್ಜನ.

ಟೀಟನ್ನಿನ ಎತ್ತರದ ಏಣುಗಳಲ್ಲಿ ಇರುವ ಬಿಗ್‌ಹಾರ್ನ್ ಎಂಬ ಸುರುಳಿಕೊಂಬಿನ ಕಾಡುಕುರಿಗಳ ಕಥೆ ಇನ್ನೂ ಹೃದಯ ಹಿಂಡುವಂಥದು. ಒಂದು ಕಾಲಕ್ಕೆ ಅವು ಚಳಿ ಬಂದಾಗ ಕಣಿವೆಗೆ ಇಳಿಯುತ್ತಿದ್ದವು. ಕಣಿವೆಗೆ ಮನುಷ್ಯ ಬಂದು ಬೇಲಿ ಹಾಕಿದ, ದನಕರು ತಂದ, ಊರು ಕಟ್ಟಿದ; ಇಳಿಯುವ ದಾರಿಯೇ ಕುರಿಗಳ ನೆನಪಿನಿಂದ ಅಳಿಸಿಹೋಯಿತು. ಈಗ ಉಳಿದಿರುವ ನೂರರ ಆಸುಪಾಸಿನ ಕುರಿಗಳು ಚಳಿಗಾಲವೆಲ್ಲ ಆ ಎತ್ತರದಲ್ಲೇ, ಗಾಳಿ ಹಿಮವನ್ನು ಗುಡಿಸಿಹಾಕಿದ ಬೋಳು ಏಣುಗಳ ಮೇಲೆ, ಸಿಕ್ಕಿದ ಎಸಳು ಹುಲ್ಲು ಕಡಿದು ಜೀವ ಹಿಡಿಯುತ್ತವೆ. ಅವುಗಳ ಕೊರಳಿಗೆ ಯಂತ್ರ ಕಟ್ಟಿ ಸಂಚಾರವನ್ನು ಗಮನಿಸಿದ ವಯೋಮಿಂಗ್ ವಿಶ್ವವಿದ್ಯಾನಿಲಯದ ಸಂಶೋಧನೆಯೊಂದರ ಪ್ರಕಾರ, ವಿಹಾರಿಗಳು ಬರುವ ಜಾಗ ಎಷ್ಟೇ ಒಳ್ಳೆಯ ಮೇವಿನದಾದರೂ ಕುರಿಗಳು ಅದನ್ನು ಬಿಟ್ಟುಕೊಡುತ್ತವೆ. ಕೆಲವಕ್ಕೆ ಹೀಗೆ ನಷ್ಟವಾದದ್ದು ಉತ್ತಮ ನೆಲೆಯ ಶೇಕಡ 30ರವರೆಗೆ. ಅಷ್ಟು ಮೇಲಕ್ಕೆ ಹೋಗುವವರು ಹೆಚ್ಚಾಗಿ ಸ್ಕೀ ಮೆಟ್ಟಿದವರು, ನಮ್ಮಂಥ ಪಾದುಕೆಯವರು ಕಡಿಮೆ. ಕುರಿಗೆ ಈ ಭೇದ ತಿಳಿಯದು.

ನಮ್ಮ ಕಾವ್ಯಮೀಮಾಂಸೆಯಲ್ಲಿ ಸಾಧಾರಣೀಕರಣವೆಂಬ ಮಾತಿದೆ. ರಸಾನುಭವದ ಹೊತ್ತಿನಲ್ಲಿ ಸಹೃದಯನು ತನ್ನದು, ಪರರದು ಎಂಬ ಗಡಿಯನ್ನು ದಾಟುತ್ತಾನೆ. ಅವನಿಗೆ ಅಲ್ಲಿ ಲಾಭವಿಲ್ಲ, ಲೋಭವಿಲ್ಲ. ಇಪ್ಪತ್ತು ವರ್ಷದಿಂದ ತರಗತಿಯಲ್ಲಿ ಇದನ್ನು ಹೇಳುತ್ತ ಬಂದಿದ್ದೇನೆ, ಈಗಲೂ ಒಪ್ಪುತ್ತೇನೆ. ಆದರೆ ಆ ತತ್ತ್ವ ಹುಟ್ಟಿದ್ದು ನಾಟಕಶಾಲೆಯಲ್ಲಿ. ಅಲ್ಲಿ ಪ್ರೇಕ್ಷಕನು ತನ್ನ ಜಾಗದಲ್ಲಿ ಕುಳಿತಿರುತ್ತಾನೆ. ರಂಗದ ಮೇಲೆ ಶಕುಂತಲೆ ಅತ್ತರೆ ಅವನ ಆನಂದದಿಂದ ಅವಳ ದುಃಖ ಒಂದು ಗುಲಗಂಜಿಯಷ್ಟೂ ಹೆಚ್ಚುವುದಿಲ್ಲ. ಹಿಮದ ಬಯಲಿನಲ್ಲಿ ಪ್ರೇಕ್ಷಕನು ರಂಗವನ್ನೇ ತುಳಿದುಕೊಂಡು ಹೋಗುತ್ತಾನೆ. ಅವನ ಮನಸ್ಸು ಎಷ್ಟೇ ನಿರ್ಮಲವಾಗಿರಲಿ, ಕಾಲಿಗೆ ಭಾರವಿದೆ. ಪಾದುಕೆ ಭಾರವನ್ನು ಹರಡುತ್ತದೆ, ಇಲ್ಲವಾಗಿಸುವುದಿಲ್ಲ.

ಇನ್ನೊಂದು ವಾದವನ್ನು ನಾನೇ ಹೂಡಿದೆ: ಹತ್ತು ಸಾವಿರ ಮೈಲಿಯಿಂದ ಬಂದವನು, ಮತ್ತೆ ಬರುತ್ತೇನೋ ಇಲ್ಲವೋ, ಒಂದು ಸಲಕ್ಕೆ ರಿಯಾಯಿತಿ ಇಲ್ಲವೆ? ಕೇಳುವಾಗ ಕರುಣೆ ಹುಟ್ಟಿಸುವ ವಾದ. ಆದರೆ ಎಲ್ಲ ಪ್ರವಾಸಿಗಳೂ ಒಂದು ಸಲದವರೇ. ಎಲ್ಕ್‌ಗೆ ಬರುವವನು ಬೇರೆಬೇರೆಯವನಲ್ಲ. ದಿನವೂ ಬರುವ ಒಬ್ಬನೇ ಮನುಷ್ಯ.

ಹಾಗಾದರೆ ಮನೆಯಲ್ಲೇ ಕುಳಿತು ಚಿತ್ರ ನೋಡಬೇಕೆ? ಇಲ್ಲಿ ಎದುರುಪಕ್ಷದ ಮಾತಿಗೂ ನ್ಯಾಯ ಸಲ್ಲಬೇಕು. 1926ರಲ್ಲಿ ಜಾನ್ ರಾಕ್‌ಫೆಲರ್ ಎಂಬ ಶ್ರೀಮಂತನು ಈ ಕಣಿವೆಗೆ ಬಂದು, ನೋಡಿ ಮರುಳಾದ. ಶಿಖರಗಳ ಮುಂದೆ ಅಂಗಡಿ, ತಂತಿಕಂಬಗಳು ಏಳುತ್ತಿದ್ದುದನ್ನು ಕಂಡು ನೊಂದು, ಸದ್ದಿಲ್ಲದೆ ಭೂಮಿ ಕೊಳ್ಳುತ್ತ ಹೋಗಿ, 1949ರಲ್ಲಿ 32,000 ಎಕರೆಗೂ ಮಿಕ್ಕ ನೆಲವನ್ನು ರಾಷ್ಟ್ರಕ್ಕೆ ಒಪ್ಪಿಸಿದ. 1929ರಲ್ಲಿ ಸ್ಥಾಪನೆಯಾಗಿದ್ದ ಉದ್ಯಾನ 1950ರಲ್ಲಿ ಕಣಿವೆಯವರೆಗೂ ಹಬ್ಬಿದ್ದು ಹೀಗೆ. ನೋಟದ ಮೋಹವಿಲ್ಲದಿದ್ದರೆ ಇಂದು ಎಲ್ಕ್‌ಗೆ ಆ ನದೀಬಯಲೂ ಇರುತ್ತಿತ್ತೋ ಇಲ್ಲವೋ. ನೋಡದವರು ಕಾಪಾಡುವುದು ಅಪರೂಪ. ಆದ್ದರಿಂದ ಹೋಗುವುದೇ ಪಾಪವೆಂದು ಹೇಳುವವರ ಜೊತೆ ನಾನಿಲ್ಲ. ಎಲ್ಲಿಗೆ ಎಂಬ ಪ್ರಶ್ನೆಯೇ ಮತ್ತೆ ಎದುರಿಗೆ ನಿಲ್ಲುತ್ತದೆ.

ಸರ್ಕಾರ ಬೋರ್ಡು ಹಾಕಿದ ಕಡೆ ಆ ಪ್ರಶ್ನೆ ಸುಲಭ. ಬೋರ್ಡಿಲ್ಲದ ಕಡೆಯೇ ಕಷ್ಟ. ಬಿಸಿಲಿಗೆ ಮುಖಮಾಡಿದ ಇಳಿಜಾರಿನಲ್ಲಿ ಹಿಮ ತೆಳುವಾಗಿರುತ್ತದೆ. ನಡೆಯಲು ಸಲೀಸು, ನೋಟ ವಿಶಾಲ. ಮೃಗಕ್ಕೆ ಹುಲ್ಲು ಸಿಗುವುದೂ ಅಲ್ಲೇ. ಹೆಪ್ಪುಗಟ್ಟಿದ ತೊರೆಯ ಪಕ್ಕದ ಕೆಂಪು ಕಡ್ಡಿಯ ವಿಲ್ಲೋ ಪೊದೆ ಚಿತ್ರಕ್ಕೆ ಬಲು ಚೆಂದ. ಮೂಸ್‌ಗೆ ಅದೇ ಅನ್ನದ ತಟ್ಟೆ. ನಾವು ಜಾಗ ಒಪ್ಪುವ ಲಕ್ಷಣಗಳೂ ಅವು ಜಾಗ ಒಪ್ಪುವ ಲಕ್ಷಣಗಳೂ ಇಷ್ಟು ಕೂಡಿಬರುತ್ತವೆಂದು ನಾನೂ ಎಣಿಸಿರಲಿಲ್ಲ. ನಮಗಾದರೋ ಇನ್ನೊಂದು ಜಾಗವಿದೆ.

ನಾವು ಹೋದದ್ದು ಉದ್ಯಾನದ ಒಳರಸ್ತೆಗೆ. ನವೆಂಬರಿನಿಂದ ಏಪ್ರಿಲ್ ಕಳೆಯುವವರೆಗೆ ಅದರ ಬಹುಭಾಗಕ್ಕೆ ಕಾರು ಬಿಡುವುದಿಲ್ಲ; ಹಿಮವನ್ನು ಹದಮಾಡಿ ನಡೆಯುವವರಿಗೂ ಸ್ಕೀಯವರಿಗೂ ಬಿಟ್ಟಿರುತ್ತಾರೆ. ನೇರವಾದ, ಸಪಾಟಾದ, ಎಲ್ಲರೂ ಹೋಗುವ ದಾರಿ. ಮಗುವಿಗೆ ಮೊದಲು ಬೇಸರವಾಯಿತು: “ಇದು ರಸ್ತೆ ಅಲ್ಲವೆ, ದೊಡ್ಡಪ್ಪ!” ರಸ್ತೆಯೇ. ಎಡಕ್ಕೆ, ನಡುವೆ ತಪ್ಪಲುಗುಡ್ಡಗಳ ಪರದೆಯೇ ಇಲ್ಲದೆ, ಬಯಲಿನಿಂದ ಏಳು ಸಾವಿರ ಅಡಿ ಒಮ್ಮೆಲೇ ಎದ್ದು ನಿಂತ ಗ್ರ್ಯಾಂಡ್ ಟೀಟನ್. ಒಂದು ಮೈಲಿ ಕಳೆದಮೇಲೆ ಅವಳು ಮಾತು ನಿಲ್ಲಿಸಿದಳು. ರಸ್ತೆಯಂಚಿನಲ್ಲಿ ಒಂದು ಮೊಲದ ಹೆಜ್ಜೆಗಳು ಅಡ್ಡ ದಾಟಿದ್ದವು. ಹಿಂಗಾಲಿನ ಗುರುತು ಮೈಗೆ ಮೀರಿದ ಅಗಲ. ಹಿಮಪಾದುಕೆಯ ಮೊಲವೆಂದೇ ಅದಕ್ಕೆ ಅಲ್ಲಿ ಹೆಸರು. ಚಳಿಗಾಲಕ್ಕೆ ಬಿಳಿಯ ತುಪ್ಪಳ ತೊಡುತ್ತದೆ. ಗುರುತು ಬಲಗಡೆಯ ಪೈನ್ ಮರಗಳೊಳಗೆ ಹೋಗಿತ್ತು. ಅವಳು ಅಲ್ಲಿಯವರೆಗೆ ಹೋಗಿ, ಮರಗಳ ಅಂಚಿನಲ್ಲಿ ನಿಂತು, ಒಳಗೆ ಸ್ವಲ್ಪ ಹೊತ್ತು ಇಣುಕಿ ನೋಡಿ, ಹಿಂತಿರುಗಿ ಬಂದು ನಮ್ಮನ್ನು ಸೇರಿಕೊಂಡಳು.