ಪೀಡೆ ಅನ್ನುವ ಮೊದಲು

ಸ್ಟೋಟ್ ಅಂತ ಒಂದು ಪುಟ್ಟ ಬೇಟೆಗಾರ ಪ್ರಾಣಿ ಇದೆ. ಮುಂಗುಸಿಯ ಹಾಗೆ ಉದ್ದ ಮೈ, ಗಿಡ್ಡ ಕಾಲು. ಬೇಸಿಗೆಯಲ್ಲಿ ಕಂದು ಬಣ್ಣ. ಹಿಮ ಬೀಳುವ ನಾಡುಗಳಲ್ಲಿ ಚಳಿಗಾಲ ಬಂತೆಂದರೆ ಬಾಲದ ಕಪ್ಪು ತುದಿಯೊಂದನ್ನು ಬಿಟ್ಟು ಪೂರ್ತಿ ಬಿಳಿ. ಆ ಬಿಳಿ ತುಪ್ಪಳಕ್ಕೆ ‘ಅರ್ಮಿನ್’ ಎಂದು ಹೆಸರು. ಯುರೋಪಿನ ರಾಜರು ಅದನ್ನು ನಿಲುವಂಗಿಗೆ ಹೊಲಿಸಿಕೊಂಡು ಮೆರೆದರು. ಅದೇ ಪ್ರಾಣಿ ನ್ಯೂಜಿಲೆಂಡಿನಲ್ಲಿ ಇವತ್ತು ‘ಪೀಡೆ’. 2050ರ ಹೊತ್ತಿಗೆ ದೇಶದಲ್ಲಿ ಒಂದೂ ಉಳಿಯಬಾರದು ಅಂತ ಅಲ್ಲಿನ ಸರ್ಕಾರ 2016ರಲ್ಲಿ ಗುರಿ ಇಟ್ಟುಕೊಂಡಿತು.

ಅದು ಅಲ್ಲಿಗೆ ತಾನಾಗಿ ಹೋದದ್ದಲ್ಲ. ಬೇಟೆಗೆ, ಊಟಕ್ಕೆ ಅಂತ ವಲಸಿಗರು ಮೊದಲು ಮೊಲ ತಂದರು. ಮೊಲಗಳು ಮಿತಿಮೀರಿ, ಕುರಿಗಳ ಹುಲ್ಲನ್ನೆಲ್ಲ ಮೇಯ್ದವು. ಮೊಲ ಹಿಡಿಯಲಿ ಅಂತ 1880ರ ದಶಕದಲ್ಲಿ ಬ್ರಿಟನ್ನಿನಿಂದ ಸ್ಟೋಟ್‌ಗಳನ್ನು ಹಡಗು ಹತ್ತಿಸಿದರು. ಹಕ್ಕಿಗಳಿಗೆ ಅಪಾಯ ಅಂತ ಪಕ್ಷಿತಜ್ಞರು ಆಗಲೇ ಎಚ್ಚರಿಸಿದ್ದರು. ಕೇಳಲಿಲ್ಲ. ಮನುಷ್ಯ ಕಾಲಿಡುವ ಮೊದಲು, ಬಾವಲಿ ಬಿಟ್ಟರೆ ನೆಲದ ಸಸ್ತನಿಯೇ ಇಲ್ಲದ ನಾಡದು. ಹಾರಲು ಬಾರದ ಕಿವಿ ಹಕ್ಕಿಯ ಮರಿ ಸುಮಾರು ಒಂದು ಕಿಲೋ ತೂಗುವವರೆಗೆ ಸ್ಟೋಟ್‌ಗೆ ಸುಲಭದ ತುತ್ತು. ಕಾವಲಿಲ್ಲದ ಕಾಡಿನಲ್ಲಿ ನೂರಕ್ಕೆ ಐದೋ ಆರೋ ಮರಿ ಬದುಕಿ ದೊಡ್ಡದಾದರೆ ಹೆಚ್ಚು.

ಹಾಗಾದರೆ ಸ್ಟೋಟನ್ನು ಕೊಲ್ಲುವುದು ಸರಿಯಾ? ತಂದವರು ಮನುಷ್ಯರು, ಸಾಯುವುದು ಅದು. ನ್ಯಾಯ ಅನಿಸುವುದಿಲ್ಲ. ಆದರೆ ಸುಮ್ಮನೆ ಕೂರುವುದೂ ಒಂದು ತೀರ್ಮಾನವೇ ಅಲ್ವಾ? ಅದಕ್ಕೆ ಜೀವ ತೆರುವುದು ಕಿವಿ ಮರಿ. ಕಿವಿ ಬೇರೆಲ್ಲೂ ಇಲ್ಲ. ಸ್ಟೋಟ್ ಯುರೋಪು, ಏಷ್ಯಾ, ಉತ್ತರ ಅಮೆರಿಕದಲ್ಲೆಲ್ಲ ಇದೆ. ಹೀಗಾಗಿ ಬೋನು ಇಡಬೇಕು ಅನ್ನುವವರ ಕಡೆಗೇ ನಾನೂ ಇದ್ದೇನೆ. ಹಾಗಿದ್ದರೂ ಒಂದು ಮಾತು ಕಾಡುತ್ತದೆ: ಮೊಟ್ಟೆಯ ಆಸೆಗೆ ಬೋನು ಹೊಕ್ಕ ಆ ಒಂದು ಸ್ಟೋಟ್‌ಗೆ, ಯುರೋಪಿನಲ್ಲಿ ತನ್ನ ಬಳಗ ಚೆನ್ನಾಗಿದೆ ಅನ್ನುವುದರಿಂದ ಏನು ಬಂತು?

ನನ್ನ ತಕರಾರು ‘ಪೀಡೆ’ ಅನ್ನುವ ಹೆಸರಿಗೆ. ಸ್ಟೋಟ್ ಎಲ್ಲಿದ್ದರೂ ಸ್ಟೋಟೇ. ರಾಜರ ಅಂಗಿ, ಮೊಲಕ್ಕೆ ಮದ್ದು, ಪೀಡೆ ಅಂತ ಅದರ ಹೆಸರು ಬದಲಾದದ್ದು ನಮ್ಮ ಅನುಕೂಲಕ್ಕೆ. ದುಷ್ಟನನ್ನು ಕೊಂದೆವು ಅಂದುಕೊಂಡರೆ ಲೆಕ್ಕ ಚುಕ್ತಾ. ತಪ್ಪಿಲ್ಲದ್ದನ್ನು ಕೊಂದೆವು ಅಂದುಕೊಂಡರೆ ಋಣ ಉಳಿಯುತ್ತದೆ. ಆ ಋಣ ಒಪ್ಪಿಕೊಂಡವರು ಪ್ರಾಣಿ ನರಳದೆ ಸಾಯುವಂಥ ಬೋನನ್ನೇ ಹುಡುಕುತ್ತಾರೆ. ಇನ್ನೊಂದು ಪ್ರಾಣಿಯನ್ನು ಹಡಗು ಹತ್ತಿಸುವ ಮುಂಚೆ, ಬೇಡ ಅನ್ನುವವರ ಮಾತನ್ನು ಕೂತು ಕೇಳುತ್ತಾರೆ.